ನಾನೇ ಸರಿ

ಫೆಬ್ರವರಿ ೩, ಸೋಮವಾರ

ಯಾರೋ ನನ್ನ ಮೇಜಿನಲ್ಲಿ ಕೈಯಾಡಿಸುತ್ತಿದ್ದಾರೆ. ಬಾಯಿಬಿಟ್ಟು ಹೇಳಿದರೆ ‘ನಿಮಗೆ ಎಲ್ಲರ ಮೇಲೂ ಅನುಮಾನ’ ಅನ್ನುತ್ತಾರೆ, ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತೇನೆ. ಇದನ್ನು ಯಾರೂ ಓದಬಾರದು. ಓದಿದ್ದು ಗೊತ್ತಾದರೆ ಗ್ರಹಚಾರ ಬಿಡಿಸುತ್ತೇನೆ.

ನಡೆದದ್ದು ಇಷ್ಟು. ನಮ್ಮ ಲ್ಯಾಬಿಗೆ ರೋಗಿಗಳು ಬರುವುದಿಲ್ಲ, ಅವರ ರಕ್ತ ಬರುತ್ತದೆ. ಒಂದು ಜೀನಿನ ಕೊನೆಯಲ್ಲಿ ಮೂರಕ್ಷರದ ತುಣುಕೊಂದು ಮತ್ತೆ ಮತ್ತೆ ಬರುತ್ತದೆ, ತೊದಲುವವರ ಮಾತಿನ ಹಾಗೆ. ಐದೋ ಹತ್ತೋ ಸಲ ಬಂದರೆ ತೊಂದರೆಯಿಲ್ಲ. ನೂರಾರು ಸಲ ಬಂದರೆ ಅದು ಸ್ನಾಯುಗಳ ರೋಗ, ಹೆತ್ತವರಿಂದ ಮಕ್ಕಳಿಗೆ ಇಳಿಯುವಂಥದ್ದು. ಆ ತೊದಲನ್ನು ಅಳೆಯುವುದು ನನ್ನ ಮೇಜಿನ ಕೆಲಸ. ರೋಗಿಯ ಪಕ್ಕದಲ್ಲಿ ಯಾವಾಗಲೂ ಆರೋಗ್ಯವಂತರೊಬ್ಬರ ರಕ್ತ ಇಟ್ಟು ಹೋಲಿಸಬೇಕು. ಆ ಟ್ಯೂಬಿನ ಮೇಲೆ ‘ಸರಿ’ ಎಂದು ಬರೆಯುತ್ತೇವೆ. ಆ ಸರಿ ನಾನು. ಲ್ಯಾಬು ಶುರುವಾದಾಗ ಎಲ್ಲರೂ ಸೂಜಿ ನೋಡಿ ಹಿಂದೆ ಸರಿದರು, ನಾನು ತೋಳು ಚಾಚಿದೆ. ಅಂದಿನಿಂದ ಊರಿನವರನ್ನೆಲ್ಲ ಅಳೆದದ್ದು ನನ್ನ ರಕ್ತದಿಂದ. ನಮ್ಮ ಮುಖ್ಯಸ್ಥರಿಗೆ, ಅಂದರೆ ಸಾಹೇಬರಿಗೆ, ಇದೊಂದು ಹಳೇ ತಮಾಷೆ. ಮೇಡಂ ಹತ್ತಿರ ವಾದ ಮಾಡಬೇಡಿ, ಅವರೇ ಸರಿ, ಟ್ಯೂಬಿನ ಮೇಲೇ ಬರೆದಿದೆ ಅನ್ನುತ್ತಾರೆ.

ಇವತ್ತು ಹೊಸ ಕಿಟ್ ತೆರೆದೆವು. ಹಳೆಯ ವಿಧಾನದಲ್ಲಿ ಅಪ್ಪನಿಂದ ಬಂದ ಜೀನಿಗೆ ಒಂದು ಗೆರೆ, ಅಮ್ಮನಿಂದ ಬಂದದ್ದಕ್ಕೆ ಒಂದು ಗೆರೆ ಕಾಣುತ್ತಿತ್ತು. ತೀರಾ ಉದ್ದವಾದದ್ದು ಕಾಣುತ್ತಲೇ ಇರಲಿಲ್ಲ. ಹೊಸದರಲ್ಲಿ ಅದೂ ಸಿಕ್ಕಿಬೀಳುತ್ತದೆ, ಪರದೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ರೋಗಿಯ ಸಾಲಿನಲ್ಲಿ ಮೆಟ್ಟಿಲು ಬಂತು. ಬರಬೇಕಾದ್ದೇ. ಪಕ್ಕದ ‘ಸರಿ’ಯಲ್ಲೂ ಮೆಟ್ಟಿಲು ಬಂತು.

ಅಂದರೆ ರೋಗಿಯ ಡಿಎನ್‌ಎ ನನ್ನ ಟ್ಯೂಬಿಗೆ ಬೆರೆತಿದೆ. ಅದಕ್ಕೇನು ಕಾಲಿದೆಯೇ, ತಾನಾಗಿ ನಡೆದು ಬರಲು? ಬೆರೆಸಿದವರಿದ್ದಾರೆ.

ಹೋದ ತಿಂಗಳು ಹೊಸಬಳೊಬ್ಬಳು ಸೇರಿದ್ದಾಳೆ. ದೊಡ್ಡ ಡಿಗ್ರಿ, ಸಣ್ಣ ದನಿ. ಕೇಳಿದ್ದಕ್ಕಷ್ಟೇ ಉತ್ತರ, ಅದೂ ಅರ್ಧ. ನಾನು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಾಳೆ. ಕೆಲಸ ಕಿತ್ತುಕೊಳ್ಳುವವರು ಮೊದಲು ಕೈಯನ್ನೇ ನೋಡುವುದು. ಗುಮ್ಮನಗುಸುಕಿ ಎಂದು ಹೆಸರಿಟ್ಟಿದ್ದೇನೆ. ಬರೆಯಲು ಉದ್ದ, ಬೆರಳು ಹಿಡಿದುಕೊಳ್ಳುತ್ತದೆ. ಗುಸುಕಿ ಸಾಕು.

ಫೆಬ್ರವರಿ ೫, ಬುಧವಾರ

ಮತ್ತೆ ಹಾಕಿದೆ, ಮತ್ತೆ ಮೆಟ್ಟಿಲು. ‘ಸರಿ’ ಸರಿಯಾಗುವವರೆಗೆ ಈ ಮೇಜಿನಿಂದ ಯಾವ ರಿಪೋರ್ಟೂ ಹೊರಗೆ ಹೋಗಕೂಡದು ಎಂದರು ಸಾಹೇಬರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ತಿಂಗಳ ಕೊನೆಯೊಳಗೆ ಇದು ಬಗೆಹರಿಯದಿದ್ದರೆ ಮೇಜಿನ ಜವಾಬ್ದಾರಿ ಸ್ವಲ್ಪ ದಿನ ಹೊಸಬಳಿಗೆ ಕೊಡೋಣ ಎಂದೂ ಸೇರಿಸಿದರು. ಸ್ವಲ್ಪ ದಿನವಂತೆ! ಈಗ ಅರ್ಥವಾಯಿತು ಯಾರಿಗೆ ಲಾಭ ಎಂದು. ಗುಸುಕಿ ಆ ಮಾತು ಕೇಳಿ ನೆಲ ನೋಡಿದಳು.

ಇನ್ನೊಂದು ವಿಷಯ. ಈ ಸಲ ಬಂದ ದ್ರಾವಣಗಳ ಮುಚ್ಚಳಗಳನ್ನು ಯಾರೋ ಬೇಕಂತಲೇ ಬಿಗಿದಿದ್ದಾರೆ. ತೆಗೆಯಲು ಸೆರಗು ಸುತ್ತಿ ತಿರುಗಿಸಬೇಕಾಯಿತು. ತೆಗೆದ ಮೇಲೆ ಮುಚ್ಚಳ ಕೈಗೆ ಅಂಟಿಕೊಂಡೇ ಇತ್ತು.

ಫೆಬ್ರವರಿ ೬, ಗುರುವಾರ

ಮಗಳ ಮನೆಗೆ ಹೋಗಿದ್ದೆ. ಕೆಳಗೆ ಅಳಿಯನ ಹೊಲಿಗೆ ಅಂಗಡಿ, ಮೇಲೆ ಮನೆ. ಮಟಮಟ ಮಧ್ಯಾಹ್ನ ಇವಳು ಹೊದ್ದು ಮಲಗಿದ್ದಾಳೆ. ಎಬ್ಬಿಸಿದರೆ ಕಣ್ಣು ಅರ್ಧ ತೆರೆಯುತ್ತಾಳೆ, ಮಾತು ಬಾಯಲ್ಲೇ ಉಳಿಯುತ್ತದೆ. ಚಿಕ್ಕಂದಿನಿಂದ ಸೋಮಾರಿ ನಿಜ. ಆದರೆ ಇಷ್ಟು? ಎಷ್ಟು ದಿನದಿಂದ ಹೀಗೆ ಎಂದರೆ, ಸುಸ್ತಮ್ಮ ಅಂದಳು, ಅಷ್ಟೇ.

ಹೊಟ್ಟೆನೋವೆಂದು ಅಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದನಂತೆ. ಪಿತ್ತಕೋಶದ ತುಂಬ ಕಲ್ಲು, ಕೀವೂ ಆಗಿದೆ, ಔಷಧಿಯಿಂದ ಅದು ಇಳಿದ ಮೇಲೆ ತೆಗೆಯಬೇಕು, ಇಪ್ಪತ್ತೇಳಕ್ಕೆ ಆಪರೇಷನ್. ಎಲ್ಲ ತೀರ್ಮಾನವಾದ ಮೇಲೆ ನನಗೆ ಸುದ್ದಿ. ಹೆತ್ತವಳು ನಾನು, ಕೊನೆಗೆ ಕೇಳಿಸಿಕೊಳ್ಳುವವಳೂ ನಾನೇ. ಆಪರೇಷನ್ ಅಂದರೆ ನನಗೆ ಮೈ ಉರಿಯುತ್ತದೆ. ನಮ್ಮಪ್ಪ ಹರ್ನಿಯಾ ಆಪರೇಷನ್ನಿಗೆ ನಗುನಗುತ್ತಾ ಒಳಗೆ ಹೋದವರು ಮತ್ತಿನಿಂದ ಏಳಲೇ ಇಲ್ಲ. ಆ ಮತ್ತು ಕೊಟ್ಟ ಡಾಕ್ಟರು ‘ಕೆಲವರ ದೇಹವೇ ಹಾಗೆ’ ಎಂದು ಕೈ ತೊಳೆದುಕೊಂಡ. ತಪ್ಪು ಮಾಡಿದವರು ಆಡುವ ಮಾತು ಅದು. ಆ ಮನುಷ್ಯನನ್ನು ನಾನಿನ್ನೂ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಅಡುಗೆಮನೆ ಕಸದ ಡಬ್ಬಿಯಲ್ಲಿ ಮಾತ್ರೆಯ ಖಾಲಿ ಪಟ್ಟಿ ಸಿಕ್ಕಿತು. ಅಳಿಯನನ್ನು ಕೇಳಿದೆ. ನೋವಿನ ಮಾತ್ರೆ ಅತ್ತೆ ಅಂದ, ಕತ್ತರಿಯಿಂದ ಕಣ್ಣು ಎತ್ತದೆ. ನೋವಿನ ಮಾತ್ರೆ ತಿಂದವರು ಹೀಗೆ ನಿದ್ದೆ ಮಾಡುತ್ತಾರೆಯೇ? ಪಟ್ಟಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದೇನೆ.

ಹೊರಡುವಾಗ ಮಗಳು ನನ್ನ ಕೈ ಹಿಡಿದುಕೊಂಡಳು, ಬಿಡಲಿಲ್ಲ. ತಾತನದೇ ಕೈ. ಅವರೂ ಹಾಗೇ, ದಾರಿಯಲ್ಲಿ ಯಾರಾದರೂ ಸಿಕ್ಕರೆ ಕೈಕುಲುಕಿ ಹಿಡಿದುಕೊಂಡೇ ನಿಂತುಬಿಡುತ್ತಿದ್ದರು. ಉಡದ ಪಟ್ಟು ಎಂದು ಊರವರು ಚೇಷ್ಟೆ ಮಾಡುತ್ತಿದ್ದರು. ನಮ್ಮ ಮನೆತನದ ಪ್ರೀತಿಯೇ ಹಾಗೆ, ಹಿಡಿದರೆ ಬಿಡುವುದಿಲ್ಲ.

ಫೆಬ್ರವರಿ ೧೦, ಸೋಮವಾರ

ಮಾತ್ರೆ ನೋವಿನದೇ. ಔಷಧಿ ಅಂಗಡಿಯವನು ಪಟ್ಟಿ ನೋಡಿ ಹೇಳಿದ. ಆದರೂ ಅಳಿಯನ ಮೇಲೆ ಒಂದು ಕಣ್ಣಿಟ್ಟಿರುತ್ತೇನೆ.

ಲ್ಯಾಬಿನಲ್ಲಿ ಬಲೆ ಬೀಸಿದೆ. ಬೆಳಗ್ಗೆ ನನ್ನ ರಕ್ತ ಹೊಸದಾಗಿ ತೆಗೆಸಿ, ನಾನೇ ‘ಸರಿ’ ಎಂದು ಬರೆದು, ಬೀಗದ ಪೆಟ್ಟಿಗೆಯಲ್ಲಿಟ್ಟು ಫ್ರಿಜ್ಜಿಗೆ ಸೇರಿಸಿದೆ. ಬೀಗದ ಕೈ ನನ್ನ ಕೊರಳಿನ ಸರದಲ್ಲಿ. ಮೇಜಿನ ಮೇಲಿನ ದ್ರಾವಣಗಳ ಸ್ಟ್ಯಾಂಡಿಗೆ ಅಳಿಯನ ಅಂಗಡಿಯ ಕೆಂಪು ನೂಲು ಸುತ್ತಿ ಗಂಟು ಹಾಕಿದೆ. ಬಿಚ್ಚಿದರೆ ಗೊತ್ತಾಗಲಿ. ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ ಎಂದು ನಗುವೂ ಬಂತು. ಬೇಕು.

ಫೆಬ್ರವರಿ ೧೨, ಬುಧವಾರ

ಸಿಕ್ಕಿಬಿದ್ದಳು!

ನೂಲನ್ನು ಯಾರೋ ಬಿಚ್ಚಿದ್ದಾರೆ. ನಾನು ಹಾಕಿದ್ದು ಕುರುಡು ಗಂಟು, ಈಗ ಚಂದದ ಕುಣಿಕೆಯಿದೆ, ಉಡುಗೊರೆ ಕಟ್ಟಿದ ಹಾಗೆ. ಒಳಗಿನ ಸೀಸೆಗಳ ಮುಚ್ಚಳಗಳೆಲ್ಲ ಸಡಿಲ! ಮೊನ್ನೆ ಕಲ್ಲಿನ ಹಾಗಿದ್ದವು ಇವತ್ತು ಒಂದು ಬೆರಳಿಗೆ ತಿರುಗುತ್ತವೆ. ಏನಾದರೂ ಬೆರೆಸಿದ್ದರೆ ಇದರಲ್ಲೇ ಬೆರೆಸಿರಬೇಕು. ಎಲ್ಲವನ್ನೂ ಎಸೆದು ಹೊಸ ಸೀಸೆಗಳನ್ನು ತೆಗೆದು, ಬೀಗದ ಪೆಟ್ಟಿಗೆಯ ರಕ್ತ ಹಾಕಿ ನೋಡಿದೆ.

ಮೆಟ್ಟಿಲು.

ಅಂದರೆ ಬೀಗಕ್ಕೂ ಇನ್ನೊಂದು ಕೀ ಇದೆ. ಭಾರೀ ಚಾಲಾಕಿ.

ಫೆಬ್ರವರಿ ೧೪, ಶುಕ್ರವಾರ

ಲ್ಯಾಬಿನ ಮೆಟ್ಟಿಲಲ್ಲಿ ಎಡವಿ ಬಿದ್ದೆ. ಒರೆಸುವವರು ನೀರು ಬಿಟ್ಟಿರಬೇಕು, ನೆಲ ಒಣಗಿರುವಂತೆ ಕಂಡಿತಷ್ಟೆ. ಟ್ಯೂಬ್‌ಲೈಟೂ ಬದಲಾಯಿಸಿದ್ದಾರೆ, ಸುತ್ತ ಹೊಗೆ ಕಟ್ಟಿದಂತೆ ಮಬ್ಬು. ಯಾರೂ ಬದಲಾಯಿಸಿಲ್ಲವಂತೆ. ಎಲ್ಲರೂ ಸೇರಿ ನನ್ನನ್ನು ಹುಚ್ಚಿ ಮಾಡುತ್ತಿದ್ದಾರೆ. ಪೆನ್ನು ಬಿಡಿಸಿಕೊಳ್ಳಬೇಕು, ಇವತ್ತಿಗೆ ಸಾಕು.

ಫೆಬ್ರವರಿ ೧೭, ಸೋಮವಾರ

ಇನ್ನೊಂದು ದಾರಿ ಹಿಡಿದೆ. ಗುಸುಕಿಗೆ ನಿಜವಾಗಿ ಏನು ಗೊತ್ತು ಎಂದು ಪರೀಕ್ಷಿಸಿದರೆ ಅವಳ ಬಂಡವಾಳ ಬಯಲಾಗುತ್ತದಲ್ಲ. ಎದುರು ಕೂರಿಸಿ ಮಾಸ್ತರಿಕೆ ಮಾಡಿದೆ. ಡಿಎನ್‌ಎ ಅಂದರೆ ಮೂಲಪ್ರತಿ, ಕೋಶದ ನಡುವಿನ ಕೋಣೆಯಿಂದ ಅದು ಹೊರಗೆ ಬರುವುದಿಲ್ಲ. ಅದನ್ನು ನೋಡಿ ಆರ್‌ಎನ್‌ಎ ಎಂಬ ನಕಲು ತಯಾರಾಗುತ್ತದೆ. ನಕಲಿನಲ್ಲಿ ಬೇಕಾದ್ದೂ ಬೇಡದ್ದೂ ಕಲಸಿರುತ್ತದೆ. ಬೇಡದ್ದನ್ನು ಕತ್ತರಿಸಿ ಬಿಸಾಡಿ, ಬೇಕಾದ ತುಂಡುಗಳನ್ನು ಜೋಡಿಸಿದ ಮೇಲೇ ಅದು ಹೊರಗೆ ಹೋಗುವುದು, ಅದನ್ನು ಓದಿಯೇ ಪ್ರೋಟೀನು ಕಟ್ಟುವುದು. ಮೂಲದಲ್ಲಿ ಅಕ್ಷರ ಕೆಟ್ಟರೆ ಪ್ರೋಟೀನು ಕೆಡುತ್ತದೆ, ಇಷ್ಟು ಎಲ್ಲರಿಗೂ ಗೊತ್ತು. ನಮ್ಮ ಮೇಜಿನ ರೋಗದಲ್ಲಿ ತೊದಲು ಇರುವುದು ಪ್ರೋಟೀನಿನ ಭಾಗವೇ ಅಲ್ಲದ ಜಾಗದಲ್ಲಿ. ಹಾಗಾದರೆ ಹಾನಿ ಎಲ್ಲಿಂದ, ಹೇಳಮ್ಮಾ ಎಂದೆ. ಇಲ್ಲಿ ಬಹಳ ಜನ ಮುಗ್ಗರಿಸುತ್ತಾರೆ.

ಇವಳು ಮುಗ್ಗರಿಸಲಿಲ್ಲ. ತೊದಲಿನ ನಕಲು ಉದ್ದವಾಗಿ, ಗಂಟುಗಂಟಾಗಿ ಒಳಗೇ ಉಳಿದುಬಿಡುತ್ತದೆ, ಕತ್ತರಿಸಿ ಜೋಡಿಸುವ ಪ್ರೋಟೀನುಗಳನ್ನು ಹಿಡಿದುಕೊಳ್ಳುತ್ತದೆ, ಅವು ಬೇರೆ ಜೀನುಗಳ ಕೆಲಸಕ್ಕೆ ಸಿಗುವುದೇ ಇಲ್ಲ ಎಂದಳು. ಅದಕ್ಕೇ ಒಂದು ಜೀನಿನ ದೋಷಕ್ಕೆ ಸ್ನಾಯು, ಕಣ್ಣು, ಹೃದಯ, ನಿದ್ದೆ ಎಲ್ಲ ಕೆಡುವುದು. ಆಮೇಲೆ ನನ್ನ ಕೈ ನೋಡುತ್ತಾ, “ಹಿಡಿದದ್ದನ್ನ ಬಿಡೋಕಾಗಲ್ಲ ಮೇಡಂ. ಆ ಆರ್‌ಎನ್‌ಎಗೂ ಆಗಲ್ಲ, ರೋಗಿಗೂ ಆಗಲ್ಲ,” ಅಂದಳು.

ನನ್ನ ಹಟಕ್ಕೆ ಚುಚ್ಚಿದಳು. ನನ್ನೆದುರಿಗೇ, ನನ್ನ ಪಾಠದಲ್ಲೇ! ಇನ್ನು ಸುಮ್ಮನಿರುವುದಿಲ್ಲ.

ಫೆಬ್ರವರಿ ೨೦, ಗುರುವಾರ

ಸಾಹೇಬರ ಕೋಣೆಗೆ ಹೋಗಿ, ಅವಳನ್ನೂ ಕರೆಸಿ, ಕೆಂಪು ನೂಲನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಮುಚ್ಚಳ, ಬೀಗ, ನೆಲ ನೋಡಿದ್ದು, ಚುಚ್ಚಿದ್ದು. ಸಾಹೇಬರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಗುಸುಕಿ ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

“ನೂಲು ಬಿಚ್ಚಿದ್ದು ನಾನೇ ಮೇಡಂ,” ಎಂದಳು. “ಮುಚ್ಚಳ ಸಡಿಲ ಮಾಡಿದ್ದೂ ನಾನೇ. ನಿಮಗೆ ತೆಗಿಯೋಕೆ ಆಗ್ತಿರಲಿಲ್ಲ. ಕೇಳಿದ್ರೆ ಬೈತೀರಿ ಅಂತ, ದಿನಾ ಬೆಳಿಗ್ಗೆ ನೀವು ಬರೋ ಮುಂಚೆ ಒಂಚೂರು ತಿರುಗಿಸಿಡ್ತಿದ್ದೆ.”

ಹಾಗಾದರೆ ಬೀಗದ ಪೆಟ್ಟಿಗೆಯ ರಕ್ತಕ್ಕೆ ಬೆರೆಸಿದ್ದು ಯಾರು ಎಂದೆ.

“ಅದನ್ನ ಯಾರೂ ಮುಟ್ಟಿಲ್ಲ. ನನ್ನ ರಕ್ತ ಹಾಕಿ ನೋಡಿದೆ, ಮೆಟ್ಟಿಲಿಲ್ಲ. ಸಾಹೇಬ್ರದ್ದೂ ಹಾಕಿದೆ, ಮೆಟ್ಟಿಲಿಲ್ಲ. ಅದೇ ಕಿಟ್ಟು, ಅದೇ ಮೇಜು. ನಿಮ್ಮದು ಹಾಕಿದಾಗ ಮಾತ್ರ...” ಅಲ್ಲಿಗೆ ನಿಲ್ಲಿಸಿದಳು. ಆಮೇಲೆ, “ಒಂದ್ಸಲ ಮುಷ್ಟಿ ಬಿಗಿಯಾಗಿ ಹಿಡಿದು ತಟ್ಟನೆ ಬಿಡಿ ಮೇಡಂ,” ಎಂದಳು.

ಹಿಡಿದೆ. ಬಿಟ್ಟೆ. ಅಂದರೆ ಬಿಡು ಎಂದು ನಾನು ಅಂದುಕೊಂಡೆ, ಬೆರಳುಗಳು ಅಂದುಕೊಳ್ಳಲಿಲ್ಲ. ಒಂದೊಂದಾಗಿ, ನಿಧಾನಕ್ಕೆ, ಇಷ್ಟವಿಲ್ಲದ ಮಕ್ಕಳು ಎದ್ದ ಹಾಗೆ ಎದ್ದವು. ಮೂವರೂ ನೋಡುತ್ತಿದ್ದೆವು.

ಚಳಿಗೆ ಎಲ್ಲರಿಗೂ ಹೀಗಾಗುತ್ತದೆ ಎಂದು ಹೇಳಿ ಎದ್ದು ಬಂದೆ. ಕೋಣೆಯಲ್ಲಿ ಚಳಿ ಇರಲಿಲ್ಲ.

ಫೆಬ್ರವರಿ ೨೧, ಶುಕ್ರವಾರ

ಸುಳ್ಳು. ಇಬ್ಬರೂ ಸೇರಿ ಆಡಿದ ನಾಟಕ. ರಜೆ ಹಾಕಿದ್ದೇನೆ.

ಫೆಬ್ರವರಿ ೨೨, ಶನಿವಾರ

ಒಂದು ವಿಷಯ ತಲೆಯಲ್ಲಿ ಹುಳದ ಹಾಗೆ ಕೊರೆಯುತ್ತಿದೆ. ಹಳೆಯ ವಿಧಾನದಲ್ಲಿ ನನ್ನ ರಕ್ತಕ್ಕೆ ಯಾವಾಗಲೂ ಒಂದೇ ಗೆರೆ. ಎರಡಿರಬೇಕಾದಲ್ಲಿ ಒಂದೇ ಕಂಡರೆ, ಅಪ್ಪ ಅಮ್ಮ ಇಬ್ಬರಿಂದಲೂ ಅಷ್ಟೇ ಉದ್ದದ್ದು ಬಂದು ಒಂದರ ಮೇಲೊಂದು ಕೂತಿರಬಹುದು. ಇಲ್ಲವೇ ಇನ್ನೊಂದು ಕಾಣದಷ್ಟು ಉದ್ದವಿರಬಹುದು. ಅದಕ್ಕೇ ಒಂದೇ ಗೆರೆ ಬಂದ ರೋಗಿಗಳನ್ನೆಲ್ಲ ಮತ್ತೊಂದು ಪರೀಕ್ಷೆಗೆ ದೊಡ್ಡ ಲ್ಯಾಬಿಗೆ ಕಳಿಸುತ್ತಿದ್ದೆವು. ಒಬ್ಬರನ್ನೂ ಬಿಟ್ಟಿಲ್ಲ, ಆ ವಿಷಯದಲ್ಲಿ ನಾನು ಯಾರನ್ನೂ ನಂಬುವವಳಲ್ಲ.

ನನ್ನದನ್ನು ಕಳಿಸಲಿಲ್ಲ. ಯಾಕೆ ಕಳಿಸುವುದು? ಟ್ಯೂಬಿನ ಮೇಲೆ ‘ಸರಿ’ ಎಂದು ಬರೆದಿತ್ತಲ್ಲ.

ಎಲ್ಲರನ್ನೂ ಅನುಮಾನಿಸಿದೆ, ಒಬ್ಬಳನ್ನು ಬಿಟ್ಟು. ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ.

ಫೆಬ್ರವರಿ ೨೩, ಭಾನುವಾರ

ಮಗಳ ಮನೆಗೆ ಹೋದೆ. ಅವಳು ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದಳು, ಮುಚ್ಚಳ ಅವಳ ಕೈಯಲ್ಲೇ ಉಳಿಯಿತು. ಇನ್ನೊಂದು ಕೈಯಿಂದ ಬಿಡಿಸಿಕೊಂಡಳು, ಏನೂ ಆಗದವರಂತೆ, ಕೂದಲು ಹಿಂದೆ ಸರಿಸಿದಷ್ಟೇ ಸಲೀಸಾಗಿ. ಎಷ್ಟು ವರ್ಷದಿಂದ ನನ್ನ ಕಣ್ಣೆದುರಿಗೇ ಹೀಗೆ ಬಿಡಿಸಿಕೊಳ್ಳುತ್ತಿದ್ದಾಳೋ. ಮುಷ್ಟಿ ಹಿಡಿದು ಬಿಡೇ ಎಂದೆ. ಹಿಡಿದಳು. ಬಿಡಲು ನನಗಿಂತ ಹೆಚ್ಚು ಹೊತ್ತು ಹಿಡಿಯಿತು.

“ಏನಮ್ಮ ಮುಖ ಹೀಗಾಯ್ತು? ತಾತನ ಪಟ್ಟು ಕಣಮ್ಮ, ನಿನಗೂ ಇದೆಯಲ್ಲ,” ಎಂದು ನಕ್ಕಳು.

ಅಪ್ಪನ ಕೈಕುಲುಕು. ಅಪ್ಪನಿಗೆ ಐವತ್ತಕ್ಕೆ ಮೊದಲೇ ಬಂದ ಕಣ್ಣಿನ ಪೊರೆ, ಕುರ್ಚಿಯಲ್ಲಿ ಕೂತಕೂತಲ್ಲೇ ತೂಕಡಿಕೆ. ಇವಳ ನಿದ್ದೆ, ತೊದಲು ಮಾತು, ಸುಸ್ತು. ಪಿತ್ತಕೋಶದ ಕಲ್ಲು ಕೂಡ ಈ ರೋಗದ ಪಟ್ಟಿಯಲ್ಲಿದೆ, ನಾನೇ ಎಷ್ಟೋ ಸಲ ಓದಿದ್ದೇನೆ. ಓದಿ ಮಡಚಿಟ್ಟಿದ್ದೇನೆ. ಆ ಪಟ್ಟಿಯ ಕೊನೆಯಲ್ಲಿರುವುದೂ ನೆನಪಾಯಿತು. ಈ ರೋಗವಿದ್ದವರಿಗೆ ಎಲ್ಲರಿಗೂ ಕೊಟ್ಟ ಹಾಗೆ ಮತ್ತು ಕೊಟ್ಟರೆ ಉಸಿರಾಟದ ಸ್ನಾಯುಗಳು ವಾಪಸು ಕೆಲಸಕ್ಕೆ ಬರದೆ ಹೋಗಬಹುದು.

ಕೆಲವರ ದೇಹವೇ ಹಾಗೆ. ಅಯ್ಯೋ ಅಪ್ಪ.

ಗುರುವಾರ ಇವಳ ಆಪರೇಷನ್.

ಫೆಬ್ರವರಿ ೨೪, ಸೋಮವಾರ

ನಿನ್ನೆಯೇ ಗುಸುಕಿಗೆ ಫೋನು ಮಾಡಿದೆ. ಮಾಡುವ ಮೊದಲು ಅವಳು ಏನೇನು ಅನ್ನಬಹುದು, ಅದಕ್ಕೆ ನಾನು ಏನೇನು ಅನ್ನಬೇಕು ಎಂದೆಲ್ಲ ಸಿದ್ಧವಾಗಿದ್ದೆ. ಮಗಳ ವಿಷಯ ಹೇಳಿದ ಕೂಡಲೇ, “ಸಿರಿಂಜು ತಗೊಂಡು ಬರ್ತೀನಿ, ಮನೆ ಎಲ್ಲಿ ಹೇಳಿ,” ಎಂದಳು. ಅಷ್ಟೇ. ಭಾನುವಾರ, ಮಾಡಿದ ಅಡುಗೆ ಹಾಗೇ ಬಿಟ್ಟು ಬಂದಳೆಂದು ಆಮೇಲೆ ಗೊತ್ತಾಯಿತು.

ಇವತ್ತು ಡಿಎನ್‌ಎ ತೆಗೆದಳು. ಮೇಜಿನ ಹತ್ತಿರ ನನ್ನನ್ನು ಬಿಟ್ಟುಕೊಳ್ಳಲಿಲ್ಲ. ಇದು ನಿಮ್ಮ ಮಗಳದ್ದು, ನೀವು ಕೂತ್ಕೊಳ್ಳಿ ಎಂದು ಗದರಿದಳು. ಸಣ್ಣ ದನಿಯಲ್ಲಿ ಗದರುವುದೂ ಬರುತ್ತದೆ ಇವಳಿಗೆ.

ಹೊಸ ‘ಸರಿ’ ಈಗ ಅವಳ ರಕ್ತ. ರೋಗವಿರುವ ಮಾದರಿಯೂ ಪಕ್ಕದಲ್ಲಿರಬೇಕಲ್ಲ, ಅದಕ್ಕೆ ನನ್ನದನ್ನು ಇಡು ಎಂದೆ. ಟ್ಯೂಬಿನ ಮೇಲೆ ಏನು ಬರೆಯಲಿ ಎಂದು ಪೆನ್ನು ಹಿಡಿದು ನಿಂತಳು. ‘ತಪ್ಪು’ ಎಂದು ಬರಿ, ಇನ್ನೇನು ಅಂದೆ. ಅವಳು ಬರೆಯಲಿಲ್ಲ. ತಾತನ ಪಟ್ಟಿನ ಕಥೆಯನ್ನು ಮಗಳು ಅವಳಿಗೆ ಹೇಳಿದ್ದಳಂತೆ. ‘ಪಟ್ಟು’ ಎಂದು ಬರೆದಳು.

ಫೆಬ್ರವರಿ ೨೫, ಮಂಗಳವಾರ

ಮಗಳ ಸಾಲಿನಲ್ಲಿ ಮೆಟ್ಟಿಲು. ಈ ಕಿಟ್ಟಿನಲ್ಲಿ ಇದೆ ಇಲ್ಲ ಎಂಬುದಷ್ಟೇ ಖಚಿತ, ಎಷ್ಟು ಉದ್ದ ಎಂದು ಗೊತ್ತಾಗುವುದಿಲ್ಲ. ತಲೆಮಾರು ಇಳಿದಂತೆ ತೊದಲು ಬೆಳೆಯುತ್ತದೆಂದು ನನಗೆ ಗೊತ್ತು. ಸಾಹೇಬರು ರಿಪೋರ್ಟಿಗೆ ಸಹಿ ಹಾಕಿದರು, ನನ್ನ ಭುಜ ತಟ್ಟಲು ಬಂದು ಸುಮ್ಮನಾದರು. ಮೇಜು ಹೋದರೆ ಹೋಗಲಿ. ಆ ಮಾತನ್ನು ಅವರು ಎತ್ತಲಿಲ್ಲ, ನನಗೂ ಅದು ನೆನಪಾದದ್ದು ಬಸ್ಸಿನಲ್ಲಿ.

ಅಂಗಡಿಗೆ ಹೋಗಿ ಅಳಿಯನಿಗೆ ಹೇಳಿದೆ. ಪ್ರೋಟೀನು ಆರ್‌ಎನ್‌ಎ ಎಂದರೆ ಅವನು ಪಿಳಿಪಿಳಿ ನೋಡಿದ. ಆಮೇಲೆ ಹೀಗೆ ಹೇಳಿದೆ. ನಿನ್ನಂಗಡಿಗೆ ಒಬ್ಬ ಗಿರಾಕಿ ಬರುತ್ತಾನೆ, ಮುಗಿಯದಷ್ಟು ಉದ್ದದ ಬಟ್ಟೆ ತರುತ್ತಾನೆ. ಅದರಿಂದ ಏನೂ ಹೊಲಿಯಬೇಕಾಗಿಲ್ಲ. ಸುಮ್ಮನೆ ಬಂದು ಕತ್ತರಿ ಹಿಡಿಯುವವರ ಕೈಯನ್ನೆಲ್ಲ ಹಿಡಿದುಕೊಂಡು ಕೂತುಬಿಡುತ್ತಾನೆ. ಮಿಕ್ಕವರ ಬಟ್ಟೆ ಏನಾಗುತ್ತದೆ?

“ಕಟಾವು ತಪ್ಪುತ್ತೆ ಅತ್ತೆ. ಕತ್ತರಿಸಿ ಎಸೀಬೇಕಾದ ತುಂಡು ಸೇರಿಕೊಂಡೇ ಹೊಲಿಗೆ ಬೀಳುತ್ತೆ.”

ಅಷ್ಟೇ, ಅದೇ ರೋಗ ಎಂದೆ. ಬಿಗಿದ ಸ್ನಾಯುವಿಗೆ ‘ಸಾಕು, ಬಿಡು’ ಎಂದು ಹೇಳಲು ಒಂದು ಪ್ರೋಟೀನು ಇದೆ, ಚಿಕ್ಕ ಬಾಗಿಲಿನ ಹಾಗೆ. ಅದರ ಆರ್‌ಎನ್‌ಎಯಲ್ಲಿ ಬೇಡದ ತುಂಡು ಸೇರಿಕೊಂಡಾಗ ಓದುವವರು ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ, ಬಾಗಿಲು ಪೂರ್ತಿ ಆಗುವುದಿಲ್ಲ. ಅದಕ್ಕೇ ಇವಳ ಕೈ ಬಿಡುವುದಿಲ್ಲ, ನನ್ನದೂ ಬಿಡುವುದಿಲ್ಲ.

ಅವನು ಹೊಲಿಗೆ ಮಿಷನ್ನಿನ ಚಕ್ರ ಹಿಡಿದು ನಿಲ್ಲಿಸಿದ. ಆಪರೇಷನ್ನೇ ಬೇಡ ಅಂದುಬಿಡೋಣವಾ ಎಂದು ಕೇಳಿದ. ಮತ್ತೆ ಕೀವಾಗುತ್ತದೆ, ಬಿಟ್ಟರೂ ಅಪಾಯ ಎಂದೆ. ಆಗ ಅವನು, “ಅವಳು ಮಲಗಿದಾಗ ಉಸಿರಾಡ್ತಿದಾಳಾ ಅಂತ ಎಷ್ಟೋ ಸಲ ಎದ್ದು ನೋಡಿದೀನಿ ಅತ್ತೆ. ನಿಮ್ಮ ಹತ್ರ ಹೇಳೋಕೆ ಭಯ. ನಾನೇ ಏನೋ ಮಾಡಿದೀನಿ ಅಂತೀರಿ ಅಂತ,” ಎಂದ.

ಅಂದೇ ಅನ್ನುತ್ತಿದ್ದೆ. ಅವನಿಗೆ ಟೀ ತರಿಸಿ ಕೊಟ್ಟೆ, ಅವನ ಅಂಗಡಿಯಲ್ಲೇ.

ಫೆಬ್ರವರಿ ೨೬,  ಬುಧವಾರ

ಮಗಳಿಗೆ ಮತ್ತು ಕೊಡುವ ಡಾಕ್ಟರನ್ನು ನೋಡಿದೆ. ಚಿಕ್ಕ ವಯಸ್ಸು, ನಗುಮುಖ, ಅದೇ ನನಗೆ ಸರಿಬರಲಿಲ್ಲ. ಜಗಳಕ್ಕೆ ಸೊಂಟ ಕಟ್ಟಿಯೇ ಹೋಗಿದ್ದೆ. ನಿಮ್ಮ ಆತಂಕ ಅರ್ಥವಾಗುತ್ತೆ ಎಂದು ಸಾಗಹಾಕುತ್ತಾನೆ, ಆಗ ಹೀಗೆ ಹೇಳುತ್ತೇನೆ, ಹಾಗೆ ಹೇಳುತ್ತೇನೆ ಎಂದು. ಅವನು ರಿಪೋರ್ಟು ಓದಿದ, ಪೆನ್ನು ಕೆಳಗಿಟ್ಟ, ನನ್ನ ಕಡೆ ಕೈ ಚಾಚಿದ. ಕುಲುಕಿದೆ. ಬಿಡಿಸಿಕೊಳ್ಳಲು ಅವಸರ ಮಾಡಲಿಲ್ಲ, ನನ್ನ ಬೆರಳು ತಾವಾಗಿ ಬಿಡುವವರೆಗೆ ಸುಮ್ಮನೆ ಇದ್ದ.

ಆಮೇಲೆ ಯಾವ ಔಷಧಿ ಕೊಡುವುದಿಲ್ಲ, ಯಾವುದನ್ನು ಕಡಿಮೆ ಕೊಡುತ್ತೇನೆ, ಹೃದಯದ ಪರೀಕ್ಷೆ ಇವತ್ತೇ ಮಾಡಿಸುತ್ತೇನೆ, ತಾನಾಗಿ ಚೆನ್ನಾಗಿ ಉಸಿರಾಡುವವರೆಗೆ ಯಂತ್ರದಿಂದ ತೆಗೆಯುವುದಿಲ್ಲ ಎಂದೆಲ್ಲ ಬಿಡಿಸಿ ಹೇಳಿದ. ನೀವು ಹೇಳದೆ ಹೋಗಿದ್ದರೆ ನನಗೆ ತಿಳಿಯುತ್ತಿರಲಿಲ್ಲ ಎಂದೂ ಹೇಳಿದ. ಅಪ್ಪನ ವಿಷಯ ಕೇಳಬೇಕೆಂದುಕೊಂಡಿದ್ದೆ, ಕೇಳಲಿಲ್ಲ. ಆ ಹಳೇ ಡಾಕ್ಟರಿಗೂ ಯಾರೂ ಹೇಳಿರಲಿಲ್ಲ.

ಇಷ್ಟು ಒಳ್ಳೆಯವನಾಗಿದ್ದಾನೆ ಅಂದರೆ ಅಪಾಯ ಜಾಸ್ತಿಯೇ ಇರಬೇಕು. ಇದೊಂದು ಅನುಮಾನವನ್ನು ಯಾರ ಹತ್ತಿರವೂ ಹೇಳಿಲ್ಲ.

ಫೆಬ್ರವರಿ ೨೭, ಗುರುವಾರ

ಒಳಗೆ ಕರೆದುಕೊಂಡು ಹೋದರು. ನಗುತ್ತಾ ಹೋದಳು. ಅಪ್ಪನ ಹಾಗೆ ನಗಬೇಡವೇ ಎಂದು ಹೇಳಬೇಕೆನಿಸಿತು.

ಕಲ್ಲಿನ ಸಮೇತ ಪಿತ್ತಕೋಶ ತೆಗೆದಾಯಿತಂತೆ. ಇನ್ನೂ ಎದ್ದಿಲ್ಲ. ಅದೇ ನಗುಮುಖದ ಡಾಕ್ಟರು ಹೊರಗೆ ಬಂದು ಇದು ನಾವು ಎಣಿಸಿದ್ದೇ, ನಿಧಾನ ಆಗುತ್ತೆ ಎಂದರು. ಅಳಿಯ ಗೋಡೆಗೆ ಆತು ನಿಂತಿದ್ದಾನೆ. ಗುಸುಕಿ ಲ್ಯಾಬಿನಿಂದ ನೇರ ಬಂದಿದ್ದಾಳೆ, ನೀರಿನ ಬಾಟಲಿಯ ಮುಚ್ಚಳ ಸಡಿಲ ಮಾಡಿ ನನ್ನ ಪಕ್ಕದಲ್ಲಿಟ್ಟಿದ್ದಾಳೆ.

ಇನ್ನೂ ಯಂತ್ರದಲ್ಲೇ ಇದ್ದಾಳೆ.

ಬರೆಯಲು ಆಗುತ್ತಿಲ್ಲ.

ಫೆಬ್ರವರಿ ೨೮, ಶುಕ್ರವಾರ

ಬೆಳಗ್ಗೆ ಗಂಟಲಿನ ನಳಿಕೆ ತೆಗೆದರು. ತಾನೇ ಉಸಿರಾಡುತ್ತಿದ್ದಾಳೆ. ನಮ್ಮನ್ನು ಒಬ್ಬೊಬ್ಬರಾಗಿ ಒಳಗೆ ಬಿಟ್ಟರು. ಮೊದಲು ನೀನು ಹೋಗಪ್ಪ ಎಂದು ಅಳಿಯನನ್ನು ಕಳಿಸಿದೆ. ಅವನು ಮುಖ ಒರೆಸಿಕೊಂಡು ಹೊರಗೆ ಬಂದ ಮೇಲೆ ನಾನು ಹೋದೆ.

ಕಣ್ಣು ಅರ್ಧ ತೆರೆದು ನೋಡಿದಳು. ಸೋಮಾರಿ ಎಂಬ ಮಾತು ಬಾಯಿಗೆ ಬಂತು, ನುಂಗಿಕೊಂಡೆ. ಕೈ ಹಿಡಿದೆ. ಅವಳೂ ಹಿಡಿದಳು, ಬಿಗಿಯಾಗಿ.

ಸ್ವಲ್ಪ ಹೊತ್ತಿಗೆ ನರ್ಸ್ ಬಂದು, ಸಮಯವಾಯಿತು, ಕೈ ಬಿಟ್ಟು ಹೊರಡಿ ಎಂದಳು. ಬಿಡುತ್ತಿದ್ದೇವೆ ಎಂದೆ. ನಿಂತಳು. ಕಾದಳು. ನಮ್ಮ ಹತ್ತೂ ಬೆರಳು ಹಾಗೇ ಇದ್ದವು. ಮಗಳ ಹೊಟ್ಟೆ ನಗುವಿಗೆ ಅಲುಗಿತು, ಹೊಲಿಗೆ ನೋಯುತ್ತದೆ ನಗಿಸಬೇಡಮ್ಮ ಎಂದು ಪಿಸುಗುಟ್ಟಿದಳು. ನರ್ಸ್ ಸೊಂಟದ ಮೇಲೆ ಕೈಯಿಟ್ಟು ಇಬ್ಬರ ಮುಖವನ್ನೂ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಇಷ್ಟು ದಿನ ನಾನೇ ಎಲ್ಲರನ್ನೂ ನೋಡಿದ್ದು ಹಾಗೆ.

“ಬೇಕಂತಲೇ ಹಿಡ್ಕೊಂಡಿದೀರಿ ಅಲ್ವಾ?” ಎಂದಳು.

ಇಲ್ಲ ಎನ್ನಲು ಬಾಯಿ ತೆರೆದೆ. ಬೆರಳುಗಳ ಪಟ್ಟು ಸಡಿಲಿ ಆಗಲೇ ಸ್ವಲ್ಪ ಹೊತ್ತಾಗಿತ್ತು, ಹಿಡಿದುಕೊಂಡಿದ್ದದ್ದು ನಾವೇ.